ಒಂದೇ ಜಗ್ಗು

ಬೀರೂರು ಸ್ಟೇಷನ್ನಿನ ಪಾರ್ಸಲ್ ಗುಮಾಸ್ತರು ನನ್ನ ಮೂರು ಸಿಲಿಂಡರ್‌ಗಳನ್ನು ಬಿಟ್ಟುಕೊಡುವ ಮೊದಲು ಅವುಗಳಿಗೆ ಒಂದು ಪ್ರದಕ್ಷಿಣೆ ಹಾಕಿದರು. ಪೆನ್ಸಿಲ್ ತುದಿಯಿಂದ ಒಂದಕ್ಕೆ ಕುಟ್ಟಿ ನೋಡಿದರು.

"ಇದ್ರೊಳಗೆ ಏನೈತ್ರೀ?"

"ಗಾಳಿ ಸ್ವಾಮಿ."

"ಅಡುಗೆ ಗ್ಯಾಸಾ?"

"ಅಲ್ಲ, ಬರೀ ಗಾಳಿ. ನಾವು ನೀವು ಉಸಿರಾಡೋ ಗಾಳಿ."

"ಬೊಂಬಾಯಿಂದ ಗಾಳಿ ತರಿಸ್ಕೊಂಡಿದೀರಾ?" ಎಂದು ಕನ್ನಡಕ ಹಣೆಗೇರಿಸಿದರು. "ಯಾಕ್ರೀ, ಅಜ್ಜಂಪುರದಲ್ಲಿ ಗಾಳಿ ಮುಗಿದೋಯ್ತಾ?"

ಕಟ್ಟೆಯ ಮೇಲೆ ಕೂತಿದ್ದ ಹಮಾಲಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸಿಲಿಂಡರ್ ಒಡೆದು ತೋರಿಸಲೇ ಎಂದು ರೇಗಿದೆ. ಅವರು ಸದ್ಯ ಬೇಡ ಎಂದು ಸಹಿ ಹಾಕಿಸಿಕೊಂಡರು. ಎಂಬತ್ತರ ದಶಕದ ನಡುವಿನ ಒಂದು ವರ್ಷದ ಬೇಸಿಗೆಯ ಕೊನೆ ಅದು. ಹಿಂದಿನ ಮಳೆಗಾಲ ಕೈಕೊಟ್ಟಿದ್ದರಿಂದ ಲಕ್ಕವಳ್ಳಿಯ ಹಿನ್ನೀರು ಎಂದೂ ಕಾಣದಷ್ಟು ಕೆಳಗಿಳಿದಿತ್ತು. ಆ ನೀರಿಗೆ ಇಳಿಯುವ ಕೆಲಸ ನನಗೆ ಸಿಕ್ಕಿತ್ತು.

ನೌಕಾಪಡೆಯಲ್ಲಿ ಮುಳುಗುಗಾರನಾಗಿದ್ದು ಊರಿಗೆ ಮರಳಿದವನು ನಾನು. ಅಜ್ಜಂಪುರದಲ್ಲಿ ನಮ್ಮದು ಅಂಗಡಿ ವ್ಯಾಪಾರದ ಮನೆ. ಬಾವಿ ನೀರು ಬಿಟ್ಟರೆ ಬೇರೆ ನೀರು ಕಾಣದ ನೆಲದಲ್ಲಿ ಹುಟ್ಟಿ ಇವನಿಗೆ ಈ ಹುಚ್ಚು ಎಲ್ಲಿಂದ ಬಂತು ಎಂದು ಅಪ್ಪ ಬಂದವರೆದುರೆಲ್ಲ ಹೇಳುತ್ತಿದ್ದರು. ಈ ಸಲದ ಕೆಲಸ ಕೊಟ್ಟವರು ಮೀನಿನ ಕಂಟ್ರಾಕ್ಟರು ಎಂದು ತಿಳಿದಾಗಲಂತೂ ಮೂರು ದಿನ ಮುಖ ತಿರುಗಿಸಿಕೊಂಡೇ ಇದ್ದರು. "ನೀರಲ್ಲಿ ಮುಳುಗೋದೇ ಒಂದು ಕೆಲಸಾನಾ? ಅದೂ ಮೀನಿನೋರಿಗೆ! ಮಠದ ಸ್ವಾಮಿಗಳು ಕೇಳಿದ್ರೆ ಏನ್ ಹೇಳ್ಲೋ ನಾನು?" ಅವ್ವ ಮಾತ್ರ ಏನೂ ಅನ್ನಲಿಲ್ಲ. ಕೊರಳ ಲಿಂಗವನ್ನು ನೀರಿನಲ್ಲೂ ತೆಗೆಯಬಾರದೆಂದು ಮೇಣದ ಬಟ್ಟೆಯಲ್ಲಿ ಚೀಲ ಹೊಲಿದುಕೊಟ್ಟಳು. ರಬ್ಬರ್ ಸೂಟಿನ ಒಳಗೆ ಅದು ಎದೆಗೆ ಒತ್ತುತ್ತಿತ್ತು. ಒತ್ತಿದರೆ ಒತ್ತಲಿ ಎಂದು ಬಿಟ್ಟೆ.

ಕೆಲಸ ಇಷ್ಟು. ಹಿನ್ನೀರಿನ ನಡುವೆ ಒಂದು ನಡುಗಡ್ಡೆ ಇದೆ, ಹಕ್ಕಿಗಳು ಮೊಟ್ಟೆಯಿಡುವ ಜಾಗ. ಅದರ ಪಕ್ಕದಲ್ಲಿ ಬಲೆ ಬೀಸಿದಾಗೆಲ್ಲ ಏನಕ್ಕೋ ಸಿಕ್ಕಿ ಹರಿದುಹೋಗುತ್ತಿತ್ತು. ಕೆಳಗೆ ಹಳೆಯ ದೋಣಿಯೊಂದು ಕೂತಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅಣೆಕಟ್ಟಿಗೆ ಮೊದಲ ಸಲ ನೀರು ನಿಲ್ಲುತ್ತಿದ್ದ ಕಾಲದಲ್ಲಿ ಮರದ ವ್ಯಾಪಾರಿಯೊಬ್ಬರು ಮಾಡಿಸಿದ್ದ ದೊಡ್ಡ ದೋಣಿ ಅದು. ಮುಳುಗಡೆ ಕಾಡಿನ ದಿಮ್ಮಿ, ಊರು ಬಿಡುವವರ ಒರಳು, ಬೀಸೋಕಲ್ಲು, ದನಕರು ಎಲ್ಲವನ್ನೂ ಅದೇ ದಾಟಿಸುತ್ತಿತ್ತಂತೆ. ಮುಳುಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ನಾನು ಅದನ್ನು ಹುಡುಕಿ, ಸರಪಳಿ ಬಿಗಿದು ಕೊಡಬೇಕು. ದಡದಿಂದ ಟ್ರಾಕ್ಟರ್ ಕಟ್ಟಿ ಎಳೆಸುವುದು ಕಂಟ್ರಾಕ್ಟರ ಜವಾಬ್ದಾರಿ.

ಸಮುದ್ರದಲ್ಲಿ, ತೆಂಗಿನ ದ್ವೀಪವೊಂದರ ಪಕ್ಕ, ಹಿಂದಿನ ಕಾಲದ ಹಡಗುಗಳ ಮೇಲೆ ಇಳಿದಿದ್ದೆ. ಅಲ್ಲಿ ನೀರು ಗಾಜು. ಮೇಲಿಂದಲೇ ಹಡಗಿನ ಬೆನ್ನು ಕಾಣುತ್ತದೆ, ಬಣ್ಣದ ಮೀನುಗಳು ಕಿಟಕಿಯಲ್ಲಿ ಹೋಗಿ ಬಾಗಿಲಲ್ಲಿ ಬರುತ್ತವೆ. ಇದೂ ಅಂಥದ್ದೇ ಎಂದುಕೊಂಡು ಬಂದಿದ್ದ ನನ್ನ ಮುಖಕ್ಕೆ ಲಕ್ಕವಳ್ಳಿಯ ನೀರು ಮೊದಲ ದಿನವೇ ಮಸಿ ಬಳಿಯಿತು.

ಮೊದಲಿಗೆ ಬೇಕಾದದ್ದು ಹಗ್ಗ ಹಿಡಿಯುವವನು. ಮುಳುಗುವವನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲೇ ಅವನ ಜೀವ. ಕಡೂರು ಕಡೆಯ ಬಾವಿ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಬಂದೆ. ಸಖರಾಯಪಟ್ಟಣದ ಸುತ್ತಮುತ್ತ ಎಷ್ಟೋ ಬಾವಿ ತೋಡಿಸಿದವರು, ಹೂಳು ತೆಗೆಸಿದವರು. ಆಳದ ಬಾವಿಗೆ ಆಳು ಇಳಿಸಿ ಎತ್ತುವುದರಲ್ಲಿ ಅವರ ಕೈ ಪಳಗಿತ್ತು. ವಯಸ್ಸಾಗಿದ್ದರೂ ರಟ್ಟೆ ಹೆಬ್ಬಾವಿನಂತಿತ್ತು.

ದಡದಲ್ಲಿ ಕೂರಿಸಿ ಸನ್ನೆ ಹೇಳಿಕೊಟ್ಟೆ. ಹಗ್ಗ ಒಂದು ಸಲ ಜಗ್ಗಿದರೆ ನಾನು ಕ್ಷೇಮ ಎಂದರ್ಥ. ಎರಡು ಜಗ್ಗಿದರೆ ಸಡಿಲ ಬಿಡಿ. ಮೂರು ಜಗ್ಗಿದರೆ ನಾನೇ ಮೇಲೆ ಬರುತ್ತಿದ್ದೇನೆ, ಹಗ್ಗ ಸುತ್ತಿಕೊಳ್ಳಿ. ನಾಲ್ಕು ಜಗ್ಗಿದರೆ ಅಪಾಯ, ಎಳೆಯಿರಿ. ಮೇಸ್ತ್ರಿ ಬೀಡಿ ಆರಿಸಿ ನನ್ನನ್ನೇ ನೋಡಿದರು.

"ಸಾಯೋನು ನಾಕು ಸಲ ಜಗ್ತಾನೇನಪ್ಪಾ?"

"ಜಗ್ತಾನೆ. ಅದು ನಮ್ಮ ಕ್ರಮ. ನೀವು ಮರೀಬಾರದು ಅಷ್ಟೇ."

"ಮರೆಯಲ್ಲ ಬಿಡು. ಒಂದು ಕ್ಷೇಮ, ಎರಡು ಸಡಿಲ..." ಎಂದು ಮಗ್ಗಿ ಹೇಳಿದಂತೆ ಹೇಳಿ ಒಪ್ಪಿಸಿದರು. ನಾನು ಎಷ್ಟು ಸಲ ಕೇಳಿದರೂ ತಪ್ಪಲಿಲ್ಲ.

ದೋಣಿ ಮುಳುಗಿದ ಜಾಗ ಸರಿಯಾಗಿ ಗೊತ್ತಿದ್ದವರು ಒಬ್ಬರೇ. ಅದನ್ನು ನಡೆಸುತ್ತಿದ್ದ ಅಂಬಿಗರು. ಈಗ ಅಜ್ಜ. ತರೀಕೆರೆ ದಾರಿಯಲ್ಲಿ ಮುಳುಗಡೆಯವರು ಕಟ್ಟಿಕೊಂಡ ಹೊಸ ಊರಿನಲ್ಲಿ ಹೆಂಡತಿಯೊಂದಿಗೆ ಇದ್ದರು. ಯಾರೂ ಕರೆಯದೆ, ಸುದ್ದಿ ಕೇಳಿ, ಅವರೇ ಒಂದು ಬೆಳಿಗ್ಗೆ ನಡೆದು ಬಂದರು. ತೆಳ್ಳನೆ ದೇಹ, ಬೆನ್ನು ಮಾತ್ರ ನೆಟ್ಟಗೆ. ನಮ್ಮ ಜೋಡಿ ತೆಪ್ಪವನ್ನು ನೋಡಿ, ಬಿದಿರು ಕಟ್ಟಿದ್ದು ಸರಿಯಿಲ್ಲ ಎಂದು ಬಿಚ್ಚಿಸಿ, ಮತ್ತೆ ತಾವೇ ಕಟ್ಟಿದರು. ಆಮೇಲೆ ನನ್ನ ಹತ್ತಿರ ಬಂದು ದನಿ ಇಳಿಸಿದರು.

"ಜಾಗ ನಾನು ತೋರಿಸ್ತೀನಿ ಸ್ವಾಮಿ. ನಂಗೆ ಒಂದು ನೋಡ್ಕೊಂಡು ಬಂದು ಹೇಳ್ಬೇಕು. ಅದ್ರ ತಳದಲ್ಲಿ ಬಿರಡೆ ಐತಾ, ಇಲ್ವಾ."

ನನಗೆ ತಕ್ಷಣ ಅರ್ಥವಾಗಲಿಲ್ಲ. ದಡಕ್ಕೆಳೆದ ದೋಣಿಯಲ್ಲಿ ಮಳೆನೀರು ನಿಲ್ಲದಂತೆ ತಳದಲ್ಲಿ ಒಂದು ತೂತು ಬಿಟ್ಟಿರುತ್ತಾರೆ. ನೀರಿಗಿಳಿಸುವ ಮೊದಲು ಮರದ ಬಿರಡೆಯನ್ನು ಬಡಿದು ಅದನ್ನು ಮುಚ್ಚಬೇಕು. ಆವತ್ತು ಬಡಿದಿದ್ದೆನೋ ಇಲ್ಲವೋ ಎಂಬುದು ಅಜ್ಜನಿಗೆ ನೆನಪಿಲ್ಲ. ನಡುಗಡ್ಡೆ ದಾಟುವಾಗ ದೋಣಿಯೊಳಗೆ ನೀರು ಬಂತು. ಮೊಣಕಾಲಿಗೆ ಬಂದಾಗ ಕಂಡದ್ದು. ಈಜು ಬಂದವರು ಈಜಿದರು, ಬಾರದವರನ್ನು ಅಜ್ಜ ಎಳೆದು ನಡುಗಡ್ಡೆಗೆ ಹಾಕಿದರು. ಒಬ್ಬ ಉಳಿಯಲಿಲ್ಲ. ಅಜ್ಜನ ಹೆಂಡತಿಯ ಒಬ್ಬನೇ ತಮ್ಮ.

"ಅವತ್ತಿಂದ ಅವ್ಳು ನಂಜೊತೆ ಮಾತಾಡಿಲ್ಲ ಸ್ವಾಮಿ. ಒಂದೇ ಮನೆ, ಒಂದೇ ಒಲೆ. ಮಾತು ಮಾತ್ರ ಇಲ್ಲ. ಬಿರಡೆ ಹಾಕೋದು ಮರೆತು ತಮ್ಮನ್ನ ಕೊಂದ ಅಂತ ಅವ್ಳ ಹೊಟ್ಟೇಲೈತೆ. ಹಾಕಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ. ಗೊತ್ತಿದ್ರೆ ಹೌದು ಕಣೇ, ನಂದೇ ತಪ್ಪು ಅಂತ ಕಾಲು ಹಿಡೀತಿದ್ದೆ. ಇಲ್ಲಾ ಅಂದ್ರೆ ಇಲ್ಲ ಅಂತಿದ್ದೆ. ಎರಡೂ ಆಗ್ಲಿಲ್ಲ ನೋಡಿ."

ಅವರ ಹೆಂಡತಿಯನ್ನು ಆ ಮಧ್ಯಾಹ್ನವೇ ನೋಡಿದೆ. ಊಟದ ಕ್ಯಾರಿಯರ್ ಹಿಡಿದು ಬಂದರು. ದಡದ ಬಂಡೆಯ ಮೇಲೆ ಅದನ್ನಿಟ್ಟು, ಮುಚ್ಚಳಕ್ಕೆ ಚಮಚೆಯಿಂದ ಒಂದು ಸಲ ಠಣ್ ಎಂದು ಬಡಿದು, ದೂರ ಹೋಗಿ ನೆರಳಲ್ಲಿ ಕೂತರು. ಅಜ್ಜ ಎದ್ದು ಹೋಗಿ ಊಟಕ್ಕೆ ಕೂತರು. ಅಂಥ ಜೋಡಿಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಪಾಪ ಅನ್ನಿಸಿತು, ಅಷ್ಟೇ ಸಿಟ್ಟೂ ಬಂತು, ಇಬ್ಬರ ಮೇಲೂ.

ಜಾಗ ಹುಡುಕುವುದೇ ಒಂದು ಪಾಡಾಯಿತು. ಎದುರುಗುಡ್ಡದ ಮೂಗು ನಡುಗಡ್ಡೆಯ ದೊಡ್ಡ ಬಂಡೆಯ ಹಿಂದೆ ಅಡಗಬೇಕು, ಅದೇ ಹೊತ್ತಿಗೆ ಬಲಗಡೆಯ ಬೂರುಗದ ಮರ ಕಣಿವೆಯ ನಡುವೆ ಬರಬೇಕು, ಅದು ಅಜ್ಜನ ಗುರುತು. ಬಂಡೆ ಸಿಕ್ಕಿತು, ಬೂರುಗದ ಮರ ಇರಲಿಲ್ಲ. ಯಾವಾಗಲೋ ಬಿದ್ದುಹೋಗಿತ್ತು. ಒಂದು ಗೆರೆ ಮಾತ್ರ ಇಟ್ಟುಕೊಂಡು ಆ ಗೆರೆಯುದ್ದಕ್ಕೂ ನೀರನ್ನು ಕೆದಕಬೇಕಾಯಿತು. ಕೆದಕಿದ್ದು ಪಾತಾಳಗರಡಿಯಿಂದ. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಗಳ ಗೊಂಚಲನ್ನು ಮೇಸ್ತ್ರಿ ಎಲ್ಲಿಗೆ ಹೋದರೂ ಚೀಲದಲ್ಲಿ ಒಯ್ಯುತ್ತಿದ್ದರು. ಅದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತೆಪ್ಪವನ್ನು ನಿಧಾನ ನಡೆಸುವುದು, ಸಿಕ್ಕಿದರೆ ಎಳೆದು ನೋಡುವುದು. ಮುಳುಗಿದ ಕಾಡಿನ ಬೊಡ್ಡೆಗಳೇ ಸಿಕ್ಕಿದವು. ದಿನಗಟ್ಟಲೆ ಬೊಡ್ಡೆ, ಬೇರು, ಹರಿದ ಬಲೆ. ಕಂಟ್ರಾಕ್ಟರು ದಡದಿಂದ ಗೊಣಗುತ್ತಿದ್ದರು. ಘಟ್ಟದ ಮೇಲೆ ಮೋಡ ಕಟ್ಟತೊಡಗಿತ್ತು. ಹೊಳೆಗೆ ಹೊಸ ನೀರು ಬಂದರೆ ಎಲ್ಲ ಮುಗಿಯಿತು.

ಕೊನೆಗೊಂದು ಬೆಳಿಗ್ಗೆ ಗರಡಿಯ ಕೊಕ್ಕೆಯಲ್ಲಿ ಬೆರಳಗಲದ ಚಕ್ಕೆ ಬಂತು. ಅಜ್ಜ ಅದನ್ನು ಮೂಸಿ ನೋಡಿದರು. ಡಾಂಬರು, ಹೊಂಗೆ ಎಣ್ಣೆ. "ಇದು ನಂದೇ," ಎಂದು ಅದನ್ನು ಮಡಿಲಲ್ಲಿ ಇಟ್ಟುಕೊಂಡರು.

ಮೊದಲ ಸಿಲಿಂಡರ್ ಅಂದೇ ಬಳಸಿದೆ. ಉಪ್ಪುನೀರು ಮನುಷ್ಯನನ್ನು ಎತ್ತಿ ಹಿಡಿಯುತ್ತದೆ, ಸಿಹಿನೀರು ಹಿಡಿಯುವುದಿಲ್ಲ. ಅದಕ್ಕೆ ಸೊಂಟದ ಬೆಲ್ಟಿನಿಂದ ಸೀಸದ ತುಂಡು ಒಂದೆರಡು ತೆಗೆದು ಇಳಿದೆ. ಎತ್ತರದ ತೆಂಗಿನ ಮರದಷ್ಟು ಆಳ. ಅರ್ಧ ದಾರಿಗೆ ಬೆಳಕು ಕಾಫಿ ಬಣ್ಣಕ್ಕೆ ತಿರುಗಿತು, ಆಮೇಲೆ ಏನೂ ಇಲ್ಲ. ಟಾರ್ಚ್ ಹಾಕಿದರೆ ಮುಖದ ಮುಂದೆ ಹೂಳಿನ ಗೋಡೆ. ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡುವುದು ವಾಸಿ ಎಂದು ಟಾರ್ಚ್ ಆರಿಸಿದೆ. ಕೈಗೆ ಮೊದಲು ಸಿಕ್ಕಿದ್ದು ಬಲೆ. ನೀರೊಳಗೆ ಮುಳುಗುಗಾರನಿಗೆ ಬಲೆಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಪದರ ಪದರ ಬಲೆ, ಎಷ್ಟೋ ವರ್ಷದ್ದು. ಚಾಕುವಿನಿಂದ ಕೊಯ್ಯುತ್ತ ಕೊಯ್ಯುತ್ತ ಒಳಗೆ ಕೈ ಹಾಕಿದೆ. ಹಲಗೆ ಸಿಕ್ಕಿತು. ಸವರಿಕೊಂಡು ಹೋದೆ. ದೋಣಿ ನೆಟ್ಟಗೆ ಕೂತಿತ್ತು, ಮೂತಿ ದಡದ ಕಡೆ, ಹಿಂಭಾಗ ಹಳೆಯ ಹೊಳೆಯ ಪಾತ್ರದ ಅಂಚಿನಲ್ಲಿ. ಅಲ್ಲಿಂದಾಚೆ ಕೈಚಾಚಿದರೆ ಬರೀ ತಣ್ಣನೆ ನೀರು, ತಳವೇ ಇಲ್ಲ.

ಒಂದು ಸಲ ಜಗ್ಗಿದೆ, ಕ್ಷೇಮ ಎಂದು. ಹಗ್ಗ ಒಂದು ಗಳಿಗೆ ಬಿಗಿಯಾಯಿತು, ಮತ್ತೆ ಸಡಿಲವಾಯಿತು. ಮೇಸ್ತ್ರಿ ತಡೆದುಕೊಂಡರು ಎಂದು ಆಗ ನನಗೆ ತಿಳಿಯಲಿಲ್ಲ.

ಎರಡನೆಯ ಸಿಲಿಂಡರ್ ಬಿರಡೆಗೆ. ಕಂಟ್ರಾಕ್ಟರಿಗೆ ಹೇಳಿದ್ದು ಮಾತ್ರ ಸರಪಳಿಗೆ ಜಾಗ ನೋಡಲು ಎಂದು. ಅಜ್ಜ ಮಣ್ಣಿನಲ್ಲಿ ದೋಣಿಯ ತಳ ಬರೆದು ತೋರಿಸಿದ್ದರು. ಹಿಂದಿನಿಂದ ಎರಡನೆಯ ಅಡ್ಡಪಟ್ಟಿ, ಅದರ ಎಡಗಡೆ, ನಡುಮರಕ್ಕೆ ಒತ್ತಿಕೊಂಡು. ದೋಣಿಯ ಒಳಗೆಲ್ಲ ಹೂಳು ತುಂಬಿತ್ತು. ಎರಡನೆಯ ಪಟ್ಟಿ ಹಿಡಿದುಕೊಂಡು ಕೈಯಿಂದ ಹೂಳು ಬಗೆಯತೊಡಗಿದೆ. ಬಗೆದಷ್ಟೂ ಜಾರಿ ಬಂದು ತುಂಬಿಕೊಳ್ಳುತ್ತಿತ್ತು. ಹೊಟ್ಟೆಯ ಮೇಲೆ ಮಲಗಿ ಭುಜದವರೆಗೂ ತೋಳು ಇಳಿಸಿದೆ. ತೋರುಬೆರಳಿಗೆ ದುಂಡನೆಯದೇನೋ ತಾಗಿತು. ಅದರ ಅಂಚಿನಲ್ಲಿ ಮೆತ್ತಗೆ ಜಾರುವಂಥದ್ದು, ಪಾಚಿಯೋ ಏನೋ. ತೂತಿನ ಬಾಯಿಯೋ, ಬಿರಡೆಯ ತಲೆಯೋ? ಇನ್ನೊಂದು ಬೆರಳು ತಲುಪಿದ್ದರೆ ಗೊತ್ತಾಗುತ್ತಿತ್ತು. ಮೈಯನ್ನು ಇನ್ನಷ್ಟು ಮುಂದೆ ನೂಕಿದೆ. ಬೆನ್ನ ಹಿಂದೆ ಹಗ್ಗ ಬಲೆಗೆ ಸಿಕ್ಕಿತ್ತು. ನಾನು ನೂಕಿದ ರಭಸಕ್ಕೆ ಅದು ಒಮ್ಮೆ ಪಟ್ಟನೆ ಜಗ್ಗಿತು.

ಒಂದೇ ಜಗ್ಗು.

ಮರುಕ್ಷಣ ನನ್ನನ್ನು ಯಾರೋ ಸೊಂಟಕ್ಕೆ ಕೈಹಾಕಿ ಕಿತ್ತಂತಾಯಿತು. ತೋಳು ಹೂಳಿನಿಂದ ಹೊರಬಂತು, ಭುಜ ಹಲಗೆಗೆ ಬಡಿಯಿತು, ಹಗ್ಗ ಬಲೆಯನ್ನು ಹರಿದುಕೊಂಡು ನನ್ನನ್ನು ಎಳೆದುಕೊಂಡು ಹೊರಟಿತು. ಆಳದಿಂದ ಹಾಗೆ ಏರುವಾಗ ಉಸಿರು ಹಿಡಿದರೆ ಎದೆ ಒಡೆದು ಸಾಯುತ್ತೇವೆ. ಬಾಯಿ ತೆರೆದು ಗಾಳಿ ಬಿಡುತ್ತ, ಬಿಡುತ್ತ, ಮನಸ್ಸಿನಲ್ಲಿ ಮೇಸ್ತ್ರಿಯ ವಂಶವನ್ನೆಲ್ಲ ಬೈಯುತ್ತ ಮೇಲೆ ಬಂದೆ. ಮೂಗಿನಲ್ಲಿ ರಕ್ತ. ತೆಪ್ಪದಲ್ಲಿ ಮೇಸ್ತ್ರಿ ಬೆವರಿನಲ್ಲಿ ತೊಯ್ದಿದ್ದರು. ನನ್ನ ಮುಖದ ಮಾಸ್ಕ್ ಕಿತ್ತು ಕೆನ್ನೆಗೆ ಹೊಡೆದು "ಉಸ್ರಾಡೋ, ಉಸ್ರಾಡೋ ಲೇ!" ಎಂದು ಕೂಗುತ್ತಿದ್ದರು.

"ನಾಕು ಸಲ ಅಂದಿದ್ದೆ! ಒಂದಕ್ಕೇ ಎಳೆದ್ರಲ್ಲಾ, ನಿಮಗೇನಾಗಿತ್ತು?"

"ಒಂದು ಕ್ಷೇಮ ಅಂತ ತಲೆಗೆ ಗೊತ್ತಪ್ಪಾ, ಕೈಗೆ ಗೊತ್ತಿಲ್ಲ," ಎಂದರು. "ಬಾವೀಲಿ ಕೆಟ್ಟಗಾಳಿ ಹೊಡೆದೋನಿಗೆ ಎರಡನೇ ಸಲ ಜಗ್ಗೋಕೆ ಕಸುವಿರಲ್ಲ. ಒಂದು ಜಗ್ತಾನೆ, ಹಂಗೇ ಕುಸೀತಾನೆ. ಒಂದು ಜಗ್ಗಿದ್ರೆ ಯಾಕೆ ಏನು ಅಂತ ಕೇಳಂಗಿಲ್ಲ, ಎಳೀಬೇಕು. ಮೊದ್ಲು ದಿನ ಹೆಂಗೋ ಹಲ್ಲು ಕಚ್ಚಿ ತಡ್ಕೊಂಡೆ. ಇವತ್ತಿನ ಜಗ್ಗು ಬೇರೆ ಥರ ಇತ್ತು ಕಣಪ್ಪಾ."

ಬೈಗುಳ ಬಾಯಲ್ಲೇ ಉಳಿಯಿತು. ಆದರೆ ತಲುಪದೆ ಉಳಿದ ಆ ಬೆರಳಗಲ ನನ್ನನ್ನು ಆಮೇಲೆ ಎಷ್ಟು ವರ್ಷ ಕಾಡಿದೆ ಎಂದರೆ ಈಗಲೂ ಒಮ್ಮೊಮ್ಮೆ ಊಟಕ್ಕೆ ಕೂತಾಗ ತೋರುಬೆರಳು ತಾನಾಗಿ ಮುಂದೆ ಚಾಚುತ್ತದೆ.

ಅಜ್ಜ ತೆಪ್ಪದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದರು. ಮುಳುಗುಗಾರನಿಗೆ ಮೊದಲ ಪಾಠವೇ ಮುಟ್ಟಿದ್ದನ್ನು ಮಾತ್ರ ಹೇಳು, ಊಹಿಸಿದ್ದನ್ನು ಹೇಳಬೇಡ ಎನ್ನುವುದು. ದುಂಡನೆಯದೇನೋ ಸಿಕ್ಕಿತು, ಬಿರಡೆಯೋ ತೂತೋ ಹೇಳಲಾರೆ ಎಂದೆ. ಅವರು ತಲೆಯಾಡಿಸಿದರು. ನನಗೆ ನನ್ನ ಪಾಠದ ಮೇಲೆ ಜೀವನದಲ್ಲಿ ಮೊದಲ ಸಲ ಅಸಹ್ಯ ಹುಟ್ಟಿತು.

ಉಳಿದದ್ದು ಒಂದೇ ಸಿಲಿಂಡರ್. ಬೊಂಬಾಯಿಗೆ ಕಳಿಸಿ ಮತ್ತೆ ತುಂಬಿಸಿ ತರುವಷ್ಟರಲ್ಲಿ ಮಳೆ ಬರುವುದು ಖಂಡಿತ. ಮಾರನೆಯ ಬೆಳಿಗ್ಗೆಯೇ ದೂರದಲ್ಲಿ ಗುಡುಗು ಕೇಳಿತು. ಒಂದೇ ಇಳಿತದಲ್ಲಿ ಎರಡೂ ಕೆಲಸ ಆಗುವುದಿಲ್ಲ. ಬಿರಡೆ ಹುಡುಕಲು ಹೂಳು ಬಗೆದರೆ ಅದಕ್ಕೇ ಗಾಳಿ ಮುಗಿಯುತ್ತದೆ. ಸರಪಳಿ ಬಿಗಿದರೆ ಹೂಳು ಬಗೆಯುವಷ್ಟು ಉಳಿಯುವುದಿಲ್ಲ. ಕಂಟ್ರಾಕ್ಟರು ಟ್ರಾಕ್ಟರ್ ತಂದು ನಿಲ್ಲಿಸಿ, ಉಕ್ಕಿನ ಹಗ್ಗ ಹರಡಿ, ಗಂಟೆಗೊಮ್ಮೆ ಆಕಾಶ ನೋಡುತ್ತಿದ್ದರು.

ಅಜ್ಜನನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಇದ್ದಂತೆ ಹೇಳಿದೆ. ನೀವು ಹೇಳಿದರೆ ಕಂಟ್ರಾಕ್ಟರ ಕೆಲಸ ಬಿಡುತ್ತೇನೆ, ಬಿರಡೆಗೇ ಇಳಿಯುತ್ತೇನೆ ಎಂದೆ. ಸುಳ್ಳಲ್ಲ, ಮನಸ್ಸು ಮಾಡಿದ್ದೆ. ಅವರು ನೀರನ್ನು ನೋಡಿದರು. ನೆರಳಲ್ಲಿ ಕೂತಿದ್ದ ಹೆಂಡತಿಯ ಕಡೆ ಒಮ್ಮೆ ತಿರುಗಿದರು.

"ನೀವು ಕೈಲಿ ಮುಟ್ಟಿ ಐತೆ ಅಂದ್ರೆ ನಂಗೆ ಸಾಕು ಸ್ವಾಮಿ. ಅವ್ಳಿಗೆ ಸಾಲ್ದು. ಗಂಡಸ್ರು ಗಂಡಸ್ರು ಮಾತಾಡ್ಕೊಂಡು ಕತೆ ಕಟ್ಟಿದ್ರು ಅಂತಾಳೆ. ಅಂತಾಳೆ ಏನು, ಅನ್ನೋದೂ ಇಲ್ಲ, ಅನ್ಕೋತಾಳೆ. ದೋಣಿ ಮೇಲೆ ಬರ್ಲಿ. ಬಿಸಿಲಲ್ಲಿ ಅವ್ಳೇ ಕಣ್ಣಾರೆ ನೋಡ್ಲಿ. ಇದ್ರೆ ಐತೆ, ಇಲ್ದಿದ್ರೆ ಇಲ್ಲ."

"ಹಳೆ ಮರ ಅಜ್ಜಾ. ಎಳೆಯುವಾಗ ಮುರಿದರೆ?"

"ತೇಗ ಸ್ವಾಮಿ. ನೀರಲ್ಲಿ ತೇಗ ಕಲ್ಲಾಯ್ತದೆ."

ಅವರ ಮಾತು ನನಗೂ ಸರಿಯೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಕತ್ತಲಲ್ಲಿ ಬೆರಳ ತುದಿಯಿಂದ ಒಬ್ಬರ ಸಂಸಾರದ ತೀರ್ಪು ಹೇಳುವ ಹೊರೆ ಇಳಿಯಿತಲ್ಲ ಎಂದು ಒಳಗೊಳಗೇ ಹಗುರಾದೆ. ಇದನ್ನು ಬರೆಯುವಾಗ ಸಂಕಟವಾಗುತ್ತದೆ.

ಮೂರನೆಯ ಇಳಿತ ಲೆಕ್ಕಾಚಾರದಂತೆಯೇ ನಡೆಯಿತು. ಸಣ್ಣ ಹಗ್ಗವನ್ನು ಮೊದಲು ದೋಣಿಯ ತಳದ ಕೆಳಗೆ ನುಸುಳಿಸಿದೆ, ಅದರ ಹಿಂದೆ ಸರಪಳಿ ಬಂತು. ಮೂತಿಯ ಹತ್ತಿರ ಒಂದು ಸುತ್ತು, ನಡುವಿಗೊಂದು ಸುತ್ತು. ಹಿಂಭಾಗಕ್ಕೆ ಹಾಕಲು ಹೋದಾಗ ಸರಪಳಿ ಬೊಡ್ಡೆಗೆ ಸಿಕ್ಕಿತು. ಬಿಡಿಸುವಾಗ ಉಸಿರು ಬಿಗಿಯತೊಡಗಿತು. ಸಿಲಿಂಡರಿನ ಪಕ್ಕದ ರಿಸರ್ವ್ ಕಡ್ಡಿ ಎಳೆದೆ. ಕೊನೆಯ ಗಾಳಿ ಬಂತು, ಅದು ಮೇಲೆ ಬರಲಿಕ್ಕೆ ಇಟ್ಟದ್ದು. ಎರಡು ಸುತ್ತೇ ಸಾಕು ಎಂದುಕೊಂಡು ಮೂರು ಸಲ ಜಗ್ಗಿ ಹೊರಟೆ. ಮೇಸ್ತ್ರಿ ಸರಿಯಾಗಿ, ನಿಧಾನವಾಗಿ ಹಗ್ಗ ಸುತ್ತಿಕೊಂಡರು.

ಟ್ರಾಕ್ಟರ್ ಗುರ್ ಎಂದಿತು. ಉಕ್ಕಿನ ಹಗ್ಗ ನೀರಿನಿಂದೆದ್ದು ಹನಿ ಉದುರಿಸುತ್ತ ಬಿಗಿಯಾಯಿತು. ಸುತ್ತಲ ಮೀನಿನವರೆಲ್ಲ ಕೆಲಸ ಬಿಟ್ಟು ನಿಂತರು. ಅಜ್ಜಿಯೂ ಎದ್ದು ನಿಂತದ್ದನ್ನು ಕಂಡೆ. ಹಗ್ಗ ಗೇಣು ಗೇಣಾಗಿ ಬಂತು. ನೀರಿನಲ್ಲಿ ಗುಳ್ಳೆ, ಕಪ್ಪು ಹೂಳು, ಆಮೇಲೆ ಮೂತಿ ಕಂಡಿತು. ಅಜ್ಜ "ಬಂತು, ಬಂತು ನನ್ನವ್ವ" ಎಂದು ಮೊಣಕಾಲಿನವರೆಗೆ ನೀರಿಗಿಳಿದರು. ಮೂತಿಯ ಹಿಂದೆ ಅರ್ಧ ದೋಣಿ ಬಿಸಿಲಿಗೆ ಬಂತು, ಹಲಗೆಗಳಿಂದ ನೀರು ಸುರಿಯುತ್ತಿತ್ತು.

ಆಗ ಕೆಳಗೆ ಎಲ್ಲೋ ಬೊಡ್ಡೆಗೆ ತಡೆಯಿತು. ಟ್ರಾಕ್ಟರಿನವನು ಕೈ ಸನ್ನೆ ಕಾಣದೆ ಇನ್ನಷ್ಟು ಒತ್ತಿದ. ನಿಲ್ಲಿಸೋ ಎಂದು ನಾನು ಕಿರುಚುವಷ್ಟರಲ್ಲಿ ದೋಣಿ ಎರಡಾಯಿತು. ದೊಡ್ಡ ಸದ್ದೇನೂ ಬರಲಿಲ್ಲ, ನೆನೆದ ಮರಕ್ಕೆ ಸದ್ದಿಲ್ಲ. ಮುಂಭಾಗ ದಡಕ್ಕೆ ಉರುಳಿ ಬಂತು. ಹಿಂಭಾಗ ಹಿಂದಕ್ಕೆ ಜಾರಿತು, ನಾವೆಲ್ಲ ನೋಡುತ್ತಿದ್ದಂತೆ, ಹಳೆಯ ಹೊಳೆಯ ಪಾತ್ರಕ್ಕೆ. ಅಲ್ಲಿಗೆ ನನ್ನ ಬಳಿ ಗಾಳಿ ಇದ್ದಿದ್ದರೂ ಇಳಿಯಲಾಗುತ್ತಿರಲಿಲ್ಲ.

"ಬಲೆಗೆ ತೊಂದರೆ ತಪ್ಪಿತಲ್ಲ, ಅಷ್ಟಾದ್ರೆ ಸಾಕು," ಎಂದರು ಕಂಟ್ರಾಕ್ಟರು. ಅವರ ಮಟ್ಟಿಗೆ ನಿಜವೇ. ಜನ ಚದುರಿದರು.

ಅಜ್ಜ ಕೆಸರಿನಲ್ಲಿ ಹಲಗೆ ಮಗುಚತೊಡಗಿದರು. ಒಂದೊಂದೇ ಹಲಗೆ, ಒಂದೊಂದೇ ತುಂಡು. ಬಿರಡೆ ಇದ್ದದ್ದು ಹಿಂದೆ ಎಂದು ನಮಗಿಂತ ಚೆನ್ನಾಗಿ ಅವರಿಗೆ ಗೊತ್ತು. ಆದರೂ ಮಗುಚುತ್ತಲೇ ಇದ್ದರು. ನಾನು ಮಾತಾಡಿಸಲು ಹೋಗಲಿಲ್ಲ. ಮೇಸ್ತ್ರಿ ಹಗ್ಗ ಸುತ್ತುತ್ತ ನಿಂತಿದ್ದರು. ಆಗ ಅಜ್ಜಿ ನೆರಳು ಬಿಟ್ಟು ನಮ್ಮ ಹತ್ತಿರಕ್ಕೇ ಬಂದರು. ಗಂಡನನ್ನು ನೋಡದೆ ಮೇಸ್ತ್ರಿಯನ್ನು ಕೇಳಿದರು.

"ಏನಣ್ಣಾ ಹುಡುಕ್ತಾ ಅವ್ರೆ?"

ಅವರ ದನಿ ಕೇಳಿದ್ದು ಅದೇ ಮೊದಲು. ಮೇಸ್ತ್ರಿ ನನ್ನ ಮುಖ ನೋಡಿದರು. ನಾನೇ ಹೇಳಿದೆ. "ಬಿರಡೆ ಅಜ್ಜಿ. ಅವತ್ತು ಬಿರಡೆ ಹಾಕಿದ್ದರೋ ಇಲ್ಲವೋ ಅಂತ ನಿಮಗೆ ತೋರಿಸೋಕೆ."

"ನಂಗೆ ಯಾಕೆ ತೋರಿಸ್ಬೇಕು?" ಅಜ್ಜಿಯ ಹುಬ್ಬು ಗಂಟಾಯಿತು. "ಹಾಕಿದ್ದು ನಂಗೊತ್ತು. ಸುತ್ತೋಕೆ ಬಟ್ಟೆ ಇಲ್ಲ ಅಂದ್ರು, ನನ್ನ ಹಳೆ ಸೀರೆ ಹರಿದು ಕೊಟ್ಟೆ. ಹೊಂಗೆ ಎಣ್ಣೇಲಿ ಅದ್ದಿ, ಸುತ್ತಿ, ಕೊಡತೀಲಿ ಬಡಿದ್ರು. ಪಕ್ಕದಲ್ಲೇ ನಿಂತಿದ್ದೆ. ನೀರು ಬಂದಿದ್ದು ಬೇರೆ ಎಲ್ಲಿಂದಲೋ."

ಅಜ್ಜನ ಕೈಯಲ್ಲಿದ್ದ ಹಲಗೆ ಕೆಸರಿಗೆ ಬಿತ್ತು. ನನ್ನ ತೋರುಬೆರಳ ತುದಿಯಲ್ಲಿ ಆ ಮೆತ್ತನೆಯದು ಮತ್ತೆ ಜಾರಿತು.

"ಮತ್ತೆ," ಎಂದರು ಅಜ್ಜ. "ಮತ್ತೆ ಇಷ್ಟು ವರ್ಷ ಯಾಕೆ ಕಣೇ?"

ಅಜ್ಜಿ ನೀರಿನ ಕಡೆ ಮುಖ ಮಾಡಿ ಹೇಳಿದರು. ಆದರೆ ಗಂಡನಿಗೇ ಹೇಳಿದ್ದು.

"ನನ್ನ ತಮ್ಮ ಹೋದ ಅಂತ ನಂಗೆ ಹೇಳಿದ್ದು ಮರದ ಕೂಲಿಯೋರು. ಬಾಗ್ಲಲ್ಲಿ ನಿಂತು ಹೇಳಿ ಹೋದ್ರು. ನೀವು ಬಂದು ಹೇಳ್ತೀರಿ ಅಂತ ಕಾದೆ. ಅವತ್ತು ಕಾದೆ, ಮಾರ್ನೆ ದಿನ ಕಾದೆ. ಹೆಣದ ಜೊತೆ ಬಂದು ಜನದ ಹಿಂದೆ ನಿಂತ್ಕೊಂಡ್ರಿ. ನನ್ನ ಎದುರಿಗೆ ಬರ್ಲಿಲ್ಲ. ನೀವು ಹೇಳೋ ತನಕ ನಾನು ಬಾಯಿ ಬಿಡಲ್ಲ ಅಂತ ಕೂತೆ. ಬಿರಡೆಗಂತೆ! ಬಿರಡೆಗೆ ಯಾರಾದ್ರೂ ಗಂಡನ್ನ ಬಿಡ್ತಾರಾ?"

"ನೀನು ಹಂಗೆ ಅಂದ್ಕೊಂಡಿದೀಯ ಅಂತ ನಾನು..."

"ಕೇಳಿದ್ರಾ? ಒಂದಿನ ಕೇಳಿದ್ರಾ?"

ಅಜ್ಜ ಕೆಸರಿನಿಂದ ಕಾಲು ಕಿತ್ತು ಕಿತ್ತು ಮೇಲೆ ಬಂದರು. ಹೆಂಡತಿಯ ಎದುರಿಗೆ ಬಂದು ನಿಂತು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದರು.

"ನಿನ್ನ ತಮ್ಮ ಹೋಗ್ಬಿಟ್ಟ ಕಣೇ," ಎಂದರು. "ಕೈ ಹಿಡ್ಕೊಂಡಿದ್ದೆ. ಜಾರೋಯ್ತು."

ಅಜ್ಜಿ ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ "ಅಯ್ಯೋ ನನ್ನಪ್ಪಾ" ಎಂದು ಕೂತುಬಿಟ್ಟರು. ಸುದ್ದಿ ಅದೇ ಈಗ ಬಂದಿತ್ತು ಅವರಿಗೆ. ಎದೆ ಎದೆ ಬಡಿದುಕೊಂಡು, ತಮ್ಮನ ಚಿಕ್ಕಂದಿನ ಹೆಸರು ಕರೆದು ಕರೆದು ಅತ್ತರು. ಅಜ್ಜ ಪಕ್ಕದಲ್ಲಿ ಕುಕ್ಕರಿಸಿ, ಮುಟ್ಟಲೂ ಧೈರ್ಯವಿಲ್ಲದೆ, ಟವೆಲನ್ನು ಅವರ ಮುಂದೆ ಹಿಡಿದುಕೊಂಡೇ ಇದ್ದರು. ಮೇಸ್ತ್ರಿ ನಮಗೆ ಬೆನ್ನು ಹಾಕಿ ಕಣ್ಣೊರೆಸಿಕೊಂಡರು. ಇಪ್ಪತ್ತು ವರ್ಷ ಇಬ್ಬರೂ ಹಗ್ಗದ ಎರಡು ತುದಿ ಹಿಡಿದು ಕೂತಿದ್ದರು, ಜಗ್ಗಿದವರು ಮಾತ್ರ ಯಾರೂ ಇಲ್ಲ.

ಆ ಸಂಜೆಯೇ ಮಳೆ ಬಂತು. ಮಾರನೆಯ ವಾರ ಖಾಲಿ ಸಿಲಿಂಡರ್‌ಗಳನ್ನು ಬೊಂಬಾಯಿಗೆ ಕಳಿಸಲು ಬೀರೂರಿಗೆ ಹೋದಾಗ ಅದೇ ಗುಮಾಸ್ತರಿದ್ದರು. "ಏನ್ರೀ, ಗಾಳಿ ಎಲ್ಲ ಖರ್ಚಾಯ್ತಾ? ಕೆಲ್ಸ ಆಯ್ತಾ?" ಎಂದು ಕೇಳಿದರು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಆಗಬೇಕಿದ್ದ ಕೆಲಸಕ್ಕೆ ಇಷ್ಟು ಗಾಳಿ ಬೇಕಿರಲಿಲ್ಲ ಸ್ವಾಮಿ, ಒಂದು ಮಾತಿಗಾಗುವಷ್ಟು ಸಾಕಿತ್ತು, ಅದು ಅವರ ಮನೆಯಲ್ಲೇ ಇತ್ತು ಎಂದೆ. ಅವರಿಗೆ ಅರ್ಥವಾಗಲಿಲ್ಲ. ರಸೀದಿ ಹರಿದು ಕೊಟ್ಟರು.